ಶನಿವಾರ ಮಾಡುವುದು

ಎಚ್ಚರವಾದಾಗ ಎದ್ವೀಜಳಿಗೆ ಮೊದಲು ನೆನಪಾದದ್ದು ಇವತ್ತು ಶನಿವಾರ ಎನ್ನುವುದು, ಆಮೇಲೆ ನೆನಪಾದದ್ದು ಮಂಚದ ಕೆಳಗಿನ ಸೂಟ್‌ಕೇಸು. ಪಕ್ಕದ ಮಂಚದಲ್ಲಿ ಮೊಮ್ಮಗಳು ಝೇಲಿ ಬಾಯಿ ತೆರೆದುಕೊಂಡು ಮಲಗಿದ್ದಳು, ಒಂದು ಕಾಲು ಹೊದಿಕೆಯ ಹೊರಗೆ. ಐದು ವರ್ಷದ ಹುಡುಗಿ, ಕಾಲು ಎಷ್ಟು ಉದ್ದ ಬಂದುಬಿಟ್ಟಿದೆ. ಎರಡು ವರ್ಷ ನೋಡದೇ ಇದ್ದರೆ ಬರುವುದಿಲ್ಲವೇ ಮತ್ತೆ. ಹತ್ತು ಗಂಟೆಗೆ ಮನೆಯ ಯಜಮಾನ ಬಂದು ಕೀಲಿಕೈ ಇಸಕೊಳ್ಳುತ್ತಾನೆ. ಅಲ್ಲಿಗೆ ವಾರ ಮುಗಿಯಿತು. ಇನ್ನು ಮೂರು ಗಂಟೆ. ಆರು ದಿನ ಬಾಯಿ ಕಟ್ಟಿ, ಕೈ ಕಟ್ಟಿ ಕಳೆದವಳಿಗೆ ಮೂರು ಗಂಟೆ ಏನು ಮಹಾ ಎಂದು ತನಗೆ ತಾನೇ ಹೇಳಿಕೊಂಡಳು. ಮಗಳು ಲುದಿವೀನ್ ಫೋನಿನಲ್ಲಿ ಹೇಳಿದ ಮಾತು ಮಂತ್ರದ ಹಾಗೆ ಬಾಯಿಪಾಠವಾಗಿತ್ತು: "ನೋಡಮ್ಮ, ಸಮುದ್ರದ ಹತ್ರ ಒಂದು ಮನೆ ಹಿಡಿದಿದೀನಿ, ವಸಂತದ ರಜೆಗೆ. ಮಣ್ಣಿನ ಮನೆ, ಅಲ್ಲಿನ ರೀತಿನೇ ಬೇರೆ. ನೀನೂ ಬಾ. ಈ ಒಂದು ವಾರ ಸರಿಹೋದ್ರೆ ಆಗಸ್ಟ್‌ನಲ್ಲಿ ಹದಿನೈದು ದಿನ ಮಗೂನ ನಿನ್ನ ಹತ್ರ ಬಿಡ್ತೀನಿ." ಸರಿಹೋದ್ರೆ. ಆ 'ದ್ರೆ'ಯ ಮೇಲೆ ಎದ್ವೀಜ್ ಆರು ದಿನದಿಂದ ಉಸಿರು ಬಿಗಿಹಿಡಿದು ಕೂತಿದ್ದಳು.

ಗೋಡೆ ಎಂದರೆ ಒಣಹುಲ್ಲಿನ ಪಿಂಡಿಗಳನ್ನು ಒಟ್ಟಿ ಮೇಲೆ ಕೆಮ್ಮಣ್ಣು ಮೆತ್ತಿದ್ದು. ಬೆರಳು ತಾಗಿಸಿದರೆ ಬೆರಳಿಗೆ ಪುಡಿ ಹತ್ತುತ್ತಿತ್ತು. ಬಂದ ದಿನ ಅದನ್ನು ಕರ್ಚೀಫಿನಲ್ಲಿ ಒರೆಸಲು ಹೋಗಿ ಒಂದು ಅಂಗೈಯಗಲ ಗೋಡೆಯನ್ನೇ ಒರೆಸಿ ತೆಗೆದಿದ್ದಳು. ಆ ಗುಂಡಿಯ ಮುಂದೆ ಹೂದಾನಿ ಇಟ್ಟು ಮರೆಮಾಡಿದ್ದಳು. ಪಾಯಿಖಾನೆಯಲ್ಲಿ ನೀರಿಲ್ಲ. ಒಂದು ಡಬ್ಬ, ಪಕ್ಕದಲ್ಲಿ ಮರದ ಹೊಟ್ಟು, ಹೊಟ್ಟಿನಲ್ಲಿ ಒಂದು ಸೌಟು. ಥೂ, ಅರವತ್ತೆರಡು ವರ್ಷಕ್ಕೆ ಬೆಕ್ಕಿನ ಹಾಗೆ ಮುಚ್ಚುವುದನ್ನು ಕಲಿಯಬೇಕಾಯಿತಲ್ಲ. ಮೊದಲ ದಿನ ಹದಿನೈದು ನಿಮಿಷ ಒಳಗೇ ನಿಂತು ಎಳೆಯುವುದಕ್ಕೆ, ಒತ್ತುವುದಕ್ಕೆ ಏನಾದರೂ ಇದೆಯೇ ಎಂದು ಗೋಡೆ ತಡಕಿದ್ದಳು. ಹೊರಗೆ ಝೇಲಿ ಕೂಗಿದ್ದಳು, "ಅಜ್ಜೀ, ಎರಡು ಸೌಟು! ದೊಡ್ಡದಾದ್ರೆ ಮೂರು!" ಲುದಿವೀನ್ ನಕ್ಕದ್ದು ಕೇಳಿಸಿತು. ಕೆಟ್ಟ ನಗುವಲ್ಲ. ಆದರೂ ಎದ್ವೀಜ್ ಹೊರಗೆ ಬಂದಾಗ ಕಿವಿ ಬಿಸಿಯಾಗಿತ್ತು. ಸೋಮವಾರ ಪಾಲಕ್ ಸೊಪ್ಪು ತೊಳೆಯುತ್ತಿದ್ದಾಗ ಮಗಳು ಹಿಂದಿನಿಂದ ಬಂದು ನಲ್ಲಿ ನಿಲ್ಲಿಸಿದ್ದಳು. ಮಳೆನೀರಿನ ತೊಟ್ಟಿ, ಎಷ್ಟು ಇದೆಯೋ ಅಷ್ಟೇ. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಅಡುಗೆಮನೆಗೆ ಹೋದರೆ ಲುದಿವೀನ್ ಆಗಲೇ ಎದ್ದು ಚಿಕೋರಿ ಕಾಫಿ ಬೆರೆಸಿ ಬಟ್ಟಲಿಗೆ ಸುರಿದಿಟ್ಟಿದ್ದಳು. ಅಮ್ಮನಿಗೆ ಇಷ್ಟವೆಂದು ಊರಿಂದ ತಂದದ್ದು. ಬೆಣ್ಣೆ ಸವರಿದ ಬ್ರೆಡ್ಡನ್ನು ಅದರಲ್ಲಿ ಅದ್ದಿ ತಿನ್ನುವಾಗ ಎದ್ವೀಜ್ ಮೇಜಿನ ಮೇಲೆ ಒಂದು ಹನಿಯೂ ಬೀಳದ ಹಾಗೆ ಎಡಗೈಯನ್ನು ಗದ್ದದ ಕೆಳಗೆ ಹಿಡಿದಿದ್ದಳು.

"ಸಮುದ್ರದ ಇಳಿತ ಎಂಟೂವರೆಗಂತೆ," ಎಂದಳು ಲುದಿವೀನ್. "ಮರಳ ದಿಬ್ಬದ ಮೇಲೆ ಸೀಲ್ ಪ್ರಾಣಿಗಳು ಬಂದು ಮಲಗಿರ್ತವೆ. ಝೇಲಿಗೆ ತೋರಿಸ್ಕೊಂಡು ಬರ್ತೀನಿ. ನೀನೂ ಬಾರಮ್ಮ."

"ನಾನ್ಯಾಕೆ. ನೀವು ಹೋಗ್ಬನ್ನಿ. ನಾನು ಇಲ್ಲಿ ಒಂಚೂರು ಗುಡಿಸಿರ್ತೀನಿ."

ಲುದಿವೀನ್ ಬಟ್ಟಲು ಕೆಳಗಿಟ್ಟಳು. "ಗುಡಿಸಿದ್ರೆ ಸಾಕು. ಕಪ್ಪು ಸಾಬೂನು ಸಿಂಕಿನ ಕೆಳಗಿದೆ, ವಿನೆಗರ್ ಇದೆ. ಅಷ್ಟೇ."

"ಅಷ್ಟೇ ಅಂದ್ಯಲ್ಲ. ನನಗೇನು ಕಿವಿ ಕೇಳ್ಸಲ್ವಾ?"

"ಕೋಪ ಮಾಡ್ಕೋಬೇಡ." ಮಗಳು ಎದ್ದು ಬಂದು ಹಿಂದಿನಿಂದ ಹೆಗಲ ಮೇಲೆ ಎರಡೂ ಕೈ ಇಟ್ಟಳು. "ಚೆನ್ನಾಗಾಯ್ತು ಈ ವಾರ. ನಿಜವಾಗ್ಲೂ. ನಾನು ಇಷ್ಟು ಅಂದ್ಕೊಂಡಿರ್ಲಿಲ್ಲ."

ಎದ್ವೀಜ್ ಉಳಿದ ಬ್ರೆಡ್ಡನ್ನು ಮುರಿದು ಮತ್ತೆ ಕಾಫಿಗೆ ಅದ್ದಿದಳು. ಅವರಿಬ್ಬರೂ ರಬ್ಬರ್ ಬೂಟು ಹಾಕಿಕೊಂಡು ದಿಬ್ಬದಾಚೆ ಮರೆಯಾಗುವವರೆಗೆ ಬಾಗಿಲಲ್ಲಿ ನಿಂತು ಕೈ ಬೀಸಿದಳು. ಆಗಸ್ಟ್ ಬಂದೇಬಿಟ್ಟಿದೆ ಎನ್ನಿಸಿತು, ಆಗಸ್ಟ್‌ನಲ್ಲಿ ಝೇಲಿಗೆ ಯಾವ ಹಾಸಿಗೆ, ಯಾವ ಕಿಟಕಿಗೆ ಯಾವ ಪರದೆ ಎಂದು ಮನಸ್ಸು ಲೆಕ್ಕ ಹಾಕತೊಡಗಿತು.

ಲಾಂಸ್ ಸುತ್ತಿನ ನಮ್ಮ ಗಣಿ ಊರುಗಳಲ್ಲಿ ಹೆಂಗಸರು ಶನಿವಾರ ಮಾಡುತ್ತಾರೆ. ಬೇರೆ ಕಡೆಯವರು ಹಬ್ಬ ಮಾಡುವ ಹಾಗೆ ನಾವು ಶನಿವಾರ ಮಾಡುತ್ತೇವೆ. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು, ಕಲ್ಲಿದ್ದಲ ಧೂಳು ಹೋಯಿತು, ಧೂಳಿಗೆ ಸತ್ತ ಗಂಡಸರೂ ಹೋದರು. ಶನಿವಾರ ಮಾತ್ರ ಹೋಗಲಿಲ್ಲ. ಮೇಲಿನಿಂದ ಕೆಳಗೆ, ಒಳಗಿನಿಂದ ಹೊರಗೆ ಮನೆಯೆಲ್ಲ ತೊಳೆದು, ಕೊನೆಯ ಬಕೆಟ್ಟನ್ನು ಹೊಸಿಲ ಮೇಲೆ ಸುರಿದು ಬೀದಿಯ ಮೋರಿಗೆ ಪೊರಕೆಯಿಂದ ಗುಡಿಸಿ, ಸೊಂಟಕ್ಕೆ ಕೈ ಕೊಟ್ಟು ಎದುರುಮನೆಯ ಹೊಸಿಲು ನೋಡಬೇಕು. ಶನಿವಾರ ಹೊಸಿಲು ಒಣಗಿದ್ದರೆ ಆ ಮನೆಯಾಕೆ ಒಂದೋ ಹೆರಿಗೆಯಲ್ಲಿರಬೇಕು, ಇಲ್ಲ ಹೆಣವಾಗಿರಬೇಕು ಎನ್ನುತ್ತಿದ್ದಳು ಎದ್ವೀಜಳ ಅಮ್ಮ. ಗಂಡ ತೀರಿಕೊಂಡ ಶನಿವಾರವೂ ಎದ್ವೀಜ್ ಶನಿವಾರ ಮಾಡಿದ್ದಳು. ಹೆಣ ಒಳಗಿತ್ತು, ಜನ ಬರುವವರಿದ್ದರು, ಮತ್ತೇನು ಮಾಡಬೇಕಿತ್ತು? ಆ ನೀರಿಗೆ ಬ್ಲೀಚು ಹಾಕದಿದ್ದರೆ ಅದು ಶನಿವಾರವೇ ಅಲ್ಲ. ಮೂವತ್ತೊಂದು ವರ್ಷ ಊರ ಶಾಲೆಯ ನೆಲ ಒರೆಸಿದವಳ ಕೈ ಅವಳದು. ಸೋಪು ಹಾಕಿ ತಿಕ್ಕಿದರೂ, ನಿಂಬೆ ಹಚ್ಚಿದರೂ ಆ ಕೈಯಿಂದ ಬ್ಲೀಚಿನ ವಾಸನೆ ಹೋಗುತ್ತಿರಲಿಲ್ಲ. ಲುದಿವೀನ್ ಶಾಲೆಗೆ ಹೋಗುವಾಗ ಕೈ ಹಿಡಿಯದೆ ಚೀಲದ ಪಟ್ಟಿ ಹಿಡಿಯುತ್ತಿದ್ದಳು.

ಸಿಂಕಿನ ಬಿಳಿ ಕಲ್ಲಿನಲ್ಲಿ ಒಂದು ಬೂದು ಗೆರೆ ಇತ್ತು. ಆರು ದಿನದಿಂದಲೂ ಇತ್ತು. ಎದ್ವೀಜ್ ವಿನೆಗರ್ ಸುರಿದು ತಿಕ್ಕಿದಳು. ಗೆರೆ ಅಲ್ಲಿಯೇ ಇತ್ತು. ಕಪ್ಪು ಸಾಬೂನು ಹಾಕಿ ತಿಕ್ಕಿದಳು. ಗೆರೆ ಅವಳನ್ನೇ ನೋಡುತ್ತಿತ್ತು. ಹಂಚಿನ ನೆಲದ ಸಂದುಗಳಲ್ಲಿ ಕಪ್ಪು. ಡಬ್ಬದ ಕೋಣೆಯಿಂದ ಸಣ್ಣಗೆ ಹಳೆಯ ಕಾಡಿನ ವಾಸನೆ. ಇನ್ನೊಂದು ಗಂಟೆಗೆ ಆ ಮನುಷ್ಯ ಬಂದು ಇದನ್ನೆಲ್ಲ ನೋಡುತ್ತಾನೆ. ಏನಂದುಕೊಳ್ಳುತ್ತಾನೆ? ಮುದುಕಿ ಒಬ್ಬಳು ವಾರವೆಲ್ಲ ಮನೆಯಲ್ಲಿದ್ದಳು, ಸಿಂಕು ತೊಳೆಯುವ ಯೋಗ್ಯತೆಯಿಲ್ಲ ಎಂದುಕೊಳ್ಳುತ್ತಾನೆ. ಅವನಿಗೆ ಆ ಗೆರೆ ಕಾಣಿಸುವುದೇ ಇಲ್ಲ, ಅವನಂಥವರಿಗೆ ಗೆರೆ ಎಂದರೆ ಪ್ರಕೃತಿ, ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕಾಲು ಮಲಗುವ ಕೋಣೆಯ ಸೂಟ್‌ಕೇಸಿನತ್ತ ಹೋಯಿತು. ಬ್ಲೀಚು ತರುವುದಿಲ್ಲವೆಂದು ಆಣೆ ಮಾಡಿದ್ದಳು. ಹೊರಡುವ ದಿನ ಬೆಳಿಗ್ಗೆ ಲಿಂಬು ಶರಬತ್ತಿನ ಖಾಲಿ ಬಾಟಲಿಯೊಂದು ಕೈಗೆ ಸಿಕ್ಕಿತ್ತು, ಸುಮ್ಮನೆ ತುಂಬಿಸಿದ್ದಳು, ಸುಮ್ಮನೆ ರಾತ್ರಿಯಂಗಿಯಲ್ಲಿ ಸುತ್ತಿದ್ದಳು. ಬಳಸುವುದಕ್ಕಲ್ಲ, ಜೊತೆಯಲ್ಲಿರಲಿ ಎಂದು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರಲ್ಲ, ಹಾಗೆ. ಎರಡು ವರ್ಷದ ಹಿಂದೆಯೂ ಕೆಟ್ಟದ್ದು ಮಾಡಬೇಕೆಂದು ಮಾಡಿದ್ದಲ್ಲ. ಝೇಲಿಯ ಆಟದ ಸಾಮಾನನ್ನೆಲ್ಲ ಒಂದು ತೊಟ್ಟಿ ಬ್ಲೀಚು ನೀರಿನಲ್ಲಿ ನೆನೆಹಾಕಿದ್ದಳು, ಮಗು ನೀರಾಡಲು ಕೈ ಹಾಕಿ ಕೂತಿತ್ತು. ಆ ಅಂಗೈಗಳು ಸುಲಿದ ಟೊಮೇಟೊ ಹಾಗೆ ಕೆಂಪಗಾಗಿ, ಡಾಕ್ಟರು, ಮುಲಾಮು, ಲುದಿವೀನಳ ಬಿಳಿಚಿಕೊಂಡ ಮುಖ. "ನಮ್ಮನೇಲಿರೋದೆಲ್ಲ ನಿನಗೆ ಕೊಳಕು. ನಾನೂ ಕೊಳಕೇ." ಆಮೇಲೆ ಎರಡು ವರ್ಷ ಫೋನಿಲ್ಲ.

ಒಂದೇ ಒಂದು ಮುಚ್ಚಳ, ಸಿಂಕಿಗೆ ಮಾತ್ರ, ಎಂದುಕೊಂಡಳು. ಗೆರೆ ಕರಗಿತು. ಆಹಾ, ಅದು ಕರಗುವುದನ್ನು ನೋಡಿದಾಗ ಆರು ದಿನದಲ್ಲಿ ಮೊದಲ ಸಲ ಅವಳು ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದಳು. ಆಮೇಲೆ ಏನು ಮಾಡಿದಳೆಂದು ಅವಳನ್ನು ಕೇಳಬಾರದು, ಕೈಯನ್ನು ಕೇಳಬೇಕು. ಬಕೆಟ್ಟು ತುಂಬಿತು, ಬಾಟಲಿ ಬರಿದಾಯಿತು, ಮೇಜು, ಕಪಾಟು, ನೆಲ, ಸಂದು, ಮೂಲೆ, ಮೊಣಕಾಲೂರಿ ಹಿಂದೆ ಹಿಂದೆ ಸರಿಯುತ್ತ ಬಾಗಿಲವರೆಗೆ ಬಂದಳು; ಯಾವುದೋ ಹಳೆಯ ಹಾಡನ್ನೂ ಗುನುಗಿದಳು. ಹಂಚುಗಳು ಹಲ್ಲು ಬಿಟ್ಟು ನಕ್ಕವು. ಕೊನೆಯ ಬಕೆಟ್ಟನ್ನು ಹೊಸಿಲ ಮೇಲೆ ಸುರಿದು, ಬಾಗಿಲ ಮುಂದಿನ ಕಲ್ಲಿನ ಕಾಲುವೆಗೆ ಪೊರಕೆಯಿಂದ ತಳ್ಳಿ, ಸೊಂಟಕ್ಕೆ ಕೈ ಕೊಟ್ಟು ನಿಂತು, ಎದುರುಮನೆಯ ಹೊಸಿಲು ನೋಡಲು ತಲೆ ಎತ್ತಿದಳು. ಎದುರುಮನೆ ಇರಲಿಲ್ಲ. ಕಾಲುವೆ ಬೀದಿಗೆ ಹೋಗಿರಲಿಲ್ಲ. ಅದು ನೇರವಾಗಿ ಇಳಿಜಾರಿನಲ್ಲಿ ಓಡಿ ಜೊಂಡು ಬೆಳೆಸಿದ ಹೊಂಡಕ್ಕೆ ಬೀಳುತ್ತಿತ್ತು. ಮನೆಯ ನೀರೆಲ್ಲ ಜೊಂಡಿನ ಬೇರಿನಲ್ಲಿ ಸೋಸಿ ಶುದ್ಧವಾಗುವ ಹೊಂಡ. ಬಂದ ದಿನ ಯಜಮಾನ ಪ್ರುವೋ ಅರ್ಧ ಗಂಟೆ ನಿಂತು ಅದರ ಕಥೆ ಹೇಳಿದ್ದ, ಲುದಿವೀನ್ ಬಾಯಿ ಬಿಟ್ಟುಕೊಂಡು ಕೇಳಿದ್ದಳು. ಝೇಲಿ ದಿನಕ್ಕೆ ಹತ್ತು ಸಲ ಓಡುತ್ತಿದ್ದದ್ದೂ ಅಲ್ಲಿಗೇ, ಗೊದಮೊಟ್ಟೆ ನೋಡಲು.

ಎದ್ವೀಜ್ ಪೊರಕೆ ಎಸೆದು ಓಡಿದಳು, ಆ ವಯಸ್ಸಿನಲ್ಲಿ ಓಡಿದ್ದಕ್ಕೆ ಓಟ ಎನ್ನಬಹುದಾದರೆ. ಕಾಲುವೆಯ ಬಾಯಿಯ ಹತ್ತಿರ ನೊರೆ ನಿಂತಿತ್ತು. ನೋಡುತ್ತಿದ್ದ ಹಾಗೇ ಒಂದು ಗೊದಮೊಟ್ಟೆ ಬಾಲ ಅಲ್ಲಾಡಿಸುತ್ತ ಮೇಲೆ ಬಂತು, ಮಗುಚಿತು, ಸಣ್ಣ ಬಿಳಿ ಹೊಟ್ಟೆ ತೋರಿಸಿತು. ಇನ್ನೊಂದು. ಆಮೇಲೆ ನಾಲ್ಕೈದು ಒಟ್ಟಿಗೆ. "ಅಯ್ಯೋ, ಬೇಡ, ಬೇಡ್ರೋ," ಎಂದಳು ಜೋರಾಗಿಯೇ, ಮನೆಯ ಮಕ್ಕಳಿಗೆ ಹೇಳುವ ಹಾಗೆ. ತೊಟ್ಟಿಯಿಂದ ಒಳ್ಳೆ ನೀರು ತಂದು ಸುರಿದರೆ ತಿಳಿಯಾದೀತೆಂದು ನಲ್ಲಿಗೆ ಓಡಿದಳು. ನಲ್ಲಿ ಕೆಮ್ಮಿ ನಿಂತಿತು, ತೊಟ್ಟಿಯನ್ನು ಅವಳೇ ಬರಿದು ಮಾಡಿದ್ದಳು. ಮತ್ತೆ ಬಂದು ಮಣ್ಣಿನಲ್ಲಿ ಮೊಣಕಾಲೂರಿ, ಸತ್ತವನ್ನು ಕೈಯಿಂದ ಬಾಚಿ ಬಾಚಿ ಏಪ್ರನ್ನಿನ ಜೇಬಿಗೆ ಹಾಕಿಕೊಳ್ಳತೊಡಗಿದಳು. ಝೇಲಿ ನೋಡಬಾರದು. ಅಷ್ಟೇ ತಲೆಯಲ್ಲಿತ್ತು. ಹನ್ನೆರಡೋ ಹದಿಮೂರೋ ಆಗುವಾಗ ಬೆನ್ನ ಹಿಂದೆ ಯಾರೋ ಕೆಮ್ಮಿದರು.

"ನಮಸ್ಕಾರ ಮದಾಂ. ಏನಾದ್ರೂ ಬೀಳಿಸಿಕೊಂಡ್ರಾ?"

ಪ್ರುವೋ. ಸಣಕಲು ಮನುಷ್ಯ, ಕಾಲಿಗೆ ಮರದ ಪಾದುಕೆ, ದನಿ ಯಾವತ್ತೂ ಮೆಲ್ಲಗೆ. ಮೂರು ಬೇಸಿಗೆ ಕೂತು ಹೆಂಡತಿಯ ಜೊತೆ ತನ್ನ ಕೈಯಾರೆ ಈ ಮನೆ ಕಟ್ಟಿದವನು. ಎದ್ವೀಜ್ ಎದ್ದು ನಿಂತು ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡಳು. "ಇಲ್ಲಾ, ಸುಮ್ನೆ... ಉಂಗುರ," ಎಂದಳು. ಅವನು ಹುಡುಕಿಕೊಡಲೆಂದು ಬಗ್ಗಿದ, ಬಗ್ಗಿದವನು ಹಾಗೇ ನಿಂತ. ಮೂಗು ಅರಳಿತು. ನೊರೆ ನೋಡಿದ, ಕಾಲುವೆ ನೋಡಿದ, ಕಾಲುವೆಯ ಗುಂಟ ಬಾಗಿಲವರೆಗೆ ಕಣ್ಣು ಹಾಯಿಸಿದ. ನೇರ ಮನೆಯೊಳಗೆ ಹೋದ, ಎದ್ವೀಜ್ ಬಾಗಿಲವರೆಗೆ ಅವನ ಹಿಂದೆಯೇ ಬಂದಳು. ಅದೇ ಹೊತ್ತಿಗೆ ದಿಬ್ಬದಿಂದ ಲುದಿವೀನ್ ಮತ್ತು ಝೇಲಿ ಇಳಿದು ಬರುತ್ತಿದ್ದರು. ಮಗು ದೂರದಿಂದಲೇ ಕೂಗುತ್ತಿತ್ತು: "ಅಜ್ಜೀ! ಹತ್ತೊಂಬತ್ತು ಸೀಲು! ಒಂದು ನಮ್ಮ ಕಡೆ ನೋಡ್ತು!"

ಬಾಗಿಲಲ್ಲಿ ಲುದಿವೀನ್ ನಿಂತುಬಿಟ್ಟಳು. ಆ ವಾಸನೆಯನ್ನು ಅವಳಿಗೆ ಯಾರೂ ಪರಿಚಯ ಮಾಡಿಸಬೇಕಾಗಿರಲಿಲ್ಲ. ಝೇಲಿಯನ್ನು ಕಾರಿನ ಹತ್ತಿರ ಹೋಗಿ ಬೂಟು ಬಿಚ್ಚು ಎಂದು ಕಳಿಸಿ, ನಿಧಾನಕ್ಕೆ ಅಮ್ಮನ ಕಡೆ ತಿರುಗಿದಳು. ಎದ್ವೀಜ್ ನೆಲ ನೋಡಿದಳು. ನೆಲ ಕನ್ನಡಿಯ ಹಾಗಿತ್ತು. ಒಳಗಿನಿಂದ ಪ್ರುವೋ ಹೊರಗೆ ಬಂದ. ಕೈಯಲ್ಲಿ ಕಸದ ಡಬ್ಬದಿಂದ ತೆಗೆದ ಬಾಟಲಿ, ಅದರ ಮೇಲೆ ಹಳದಿ ನಿಂಬೆಹಣ್ಣಿನ ಚಿತ್ರ.

"ಇದು ಯಾರದು?"

ಹೇಳಬೇಕು, ಈಗಲೇ ಹೇಳಬೇಕು ಎಂದು ಎದ್ವೀಜಳ ನಾಲಿಗೆ ಹೊರಳಿತು. ಹೇಳಿದರೆ ಆಗಸ್ಟ್ ಹೋಯಿತು. ನಾಲಿಗೆ ಅಂಗುಳಿಗೆ ಅಂಟಿಕೊಂಡಿತು.

"ನಂದು," ಎಂದಳು ಲುದಿವೀನ್.

ಪ್ರುವೋ ಅವಳನ್ನು ಮೇಲಿಂದ ಕೆಳಗೆ ನೋಡಿದ. "ನಿಮ್ದಾ? ಬಂದ ದಿನ ನನ್ನ ಹೊಂಡದ ಬಗ್ಗೆ ಅಷ್ಟೊತ್ತು ಕೇಳಿದ್ರಲ್ಲ. ನಿಮ್ಮಂಥೋರು ಬರಬೇಕು ಅಂತ ನನ್ನ ಹೆಂಡ್ತಿ ಹತ್ರ ಹೇಳಿದ್ದೆ. ಅದೆಲ್ಲ ನಾಟಕಾನಾ?"

"ತಪ್ಪಾಯ್ತು."

"ತಪ್ಪಾಯ್ತು! ಏಳು ವರ್ಷದ ಬೇರು ಮದಾಂ ಅದು. ಹೋಗ್ಲಿ, ಬೇರು ಮತ್ತೆ ಬರುತ್ತೆ ಅಂತಿಟ್ಕೊಳ್ಳಿ. ಇದೇನಿದು?" ಬಾಟಲಿಯನ್ನು ಅವಳ ಮುಖದ ಹತ್ತಿರ ತಂದ, ದನಿ ಇನ್ನೂ ಏರಿರಲಿಲ್ಲ. "ಶರಬತ್ತಿನ ಬಾಟಲೀಲಿ ಬ್ಲೀಚು. ಚಿಕ್ಕ ಮಗು ಓಡಾಡೋ ಮನೇಲಿ. ಅದಕ್ಕೆ ಬಾಯಾರಿದ್ರೆ? ಒಂದು ಗುಟುಕು ಕುಡಿದಿದ್ರೆ? ನೀವು ಅದರ ತಾಯೀನೇ ತಾನೆ?"

"ಹೌದು."

"ಅಲ್ಲ, ಕೇಳ್ತಿದೀನಿ, ಎಂಥ ತಾಯಿ ರೀ ನೀವು?"

ಲುದಿವೀನ್ ಅವನನ್ನು ನೋಡುತ್ತಿರಲಿಲ್ಲ. ಅವನ ಹೆಗಲ ಮೇಲಿಂದ ಅಮ್ಮನನ್ನೇ ನೋಡುತ್ತಿದ್ದಳು, ರೆಪ್ಪೆ ಬಡಿಯದೆ. ಎದ್ವೀಜ್ ಕಣ್ಣು ಸರಿಸಿ ಗೋಡೆ ನೋಡಿದಳು. ಹೀಗೇ ಒಂದು ಸಲ ಶಾಲೆಯ ಪಡಸಾಲೆಯಲ್ಲಿ, ನೆಲ ಒದ್ದೆ ಬಿಟ್ಟಿದ್ದಕ್ಕೆ ಹೆಡ್‌ಮೇಡಂ ಎಲ್ಲರೆದುರು ಅವಳಿಗೆ ಉಗಿಯುತ್ತಿದ್ದಾಗ, ಎರಡನೇ ತರಗತಿಯ ಸಾಲಿನಲ್ಲಿ ನಿಂತ ಲುದಿವೀನ್ ಗೋಡೆ ನೋಡಿದ್ದಳು, ಈ ಹೆಂಗಸು ಯಾರೋ ಎನ್ನುವ ಹಾಗೆ. ಅವತ್ತು ಎದ್ವೀಜಳಿಗೆ ಸಮಾಧಾನವೇ ಆಗಿತ್ತು; ಮಗುವಿನ ಮರ್ಯಾದೆ ಉಳಿಯಿತಲ್ಲ ಎಂದು. ಈಗ ಮಗಳು ನನ್ನನ್ನು ಉಳಿಸುತ್ತಿದ್ದಾಳೆ ಎಂದುಕೊಂಡಳು. ಉಳಿಸುತ್ತಿರುವವಳ ಮಾತು ಕೆಡಿಸಬಾರದು. ನಡುವೆ ಬಾಯಿ ಹಾಕಿದರೆ ಅವಳು ಸುಳ್ಳಿಯಾಗುತ್ತಾಳೆ. ಹೀಗೆ ಒಂದರ ಮೇಲೊಂದು ಕಾರಣ ಪೇರಿಸಿದಳು, ಜೇಬಿನೊಳಗೆ ಬೆರಳುಗಳು ಆ ತಣ್ಣನೆಯ ಮೆತ್ತನೆಯವನ್ನು ಹಿಡಿದುಕೊಂಡಿದ್ದವು, ಒಂದು ಇನ್ನೂ ಮಿಸುಕಿದ ಹಾಗಾಯಿತು. ಪ್ರುವೋ ಹೇಳುತ್ತಲೇ ಇದ್ದ. ಅವನು ಹೇಳುವುದು ಮುಗಿದ ಮೇಲೂ ಲುದಿವೀನ್ ಒಂದು ಕ್ಷಣ ಹಾಗೇ ನಿಂತಿದ್ದಳು, ಇನ್ನೂ ಯಾವುದೋ ಮಾತು ಬರುವುದಿದೆ ಎಂಬಂತೆ. ಆಮೇಲೆ ಕೀಲಿಕೈಯನ್ನು ಅವನ ಅಂಗೈಗಿಟ್ಟು, "ಕ್ಷಮಿಸಿ," ಎಂದು ಸೂಟ್‌ಕೇಸುಗಳನ್ನು ಎತ್ತಿಕೊಂಡಳು.

ಕಾರು ಹೆದ್ದಾರಿಗೆ ಹತ್ತುವವರೆಗೂ ಝೇಲಿ ಒಬ್ಬಳೇ ಮಾತಾಡಿದಳು. ಆ ತಾತ ಯಾಕೆ ಬೈದ, ಗೊದಮೊಟ್ಟೆಗಳಿಗೆ ಟಾಟಾ ಮಾಡಲು ಯಾಕೆ ಬಿಡಲಿಲ್ಲ, ಸೀಲ್‌ಗೆ ಅಜ್ಜಿ ಇರುತ್ತಾಳಾ. ಕೇಳಿ ಕೇಳಿ ಸಾಕಾಗಿ ಕಿಟಕಿಗೆ ಮೂಗೊತ್ತಿ ಕೂತಳು. ಎರಡೂ ಬದಿ ಹಸಿರು ಹೊಲ, ಗಾಳಿಯಂತ್ರಗಳು, ಮಳೆ ಬರುವ ಆಕಾಶ. ಎದ್ವೀಜ್ ಮಗಳ ಕೈಗಳನ್ನು ನೋಡಿದಳು, ಸ್ಟೀರಿಂಗಿನ ಮೇಲೆ ಗೆಣ್ಣುಗಳು ಬೆಳ್ಳಗಾಗಿದ್ದವು. ಬೈಯಲಿ, ಕಿರುಚಲಿ, ಕಾರು ನಿಲ್ಲಿಸಿ ಇಳಿ ಎನ್ನಲಿ. ಏನಾದರೂ ಅನ್ನಲಿ ದೇವರೇ. ಕೊನೆಗೆ ತಾಳಲಾರದೆ ತಾನೇ ಬಾಯಿ ತೆರೆದಳು.

"ನೀನು ನಂದು ಅಂದದ್ದು... ದೊಡ್ಡ ಮನಸ್ಸು ಮಾಡಿದೆ ಕಣೇ."

"ದೊಡ್ಡ ಮನಸ್ಸಲ್ಲ." ಲುದಿವೀನ್ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನಂದು ಅಂದ್ರೆ ನೀನು 'ಅಲ್ಲ, ನಂದು' ಅಂತೀಯ ಅಂದ್ಕೊಂಡೆ. ಅವನು ಬೈತಾ ಇದ್ದ, ನಾನು ಕಾಯ್ತಾ ಇದ್ದೆ. ಎಂಥ ತಾಯಿ ನೀವು ಅಂತ ಅವನು ಅಂದಾಗ್ಲಾದ್ರೂ ಅಂತೀಯ ಅಂತ ಕಾದೆ."

"ಹೇಳಿದ್ರೆ ಆಗಸ್ಟ್..."

"ಹೇಳಿದ್ದಿದ್ರೆ ಕಳಿಸ್ತಿದ್ದೆ ಅಮ್ಮ."

ಅದನ್ನು ಅವಳು ಕೋಪದಿಂದ ಹೇಳಿದ್ದರೆ ಎದ್ವೀಜ್ ತಡೆದುಕೊಳ್ಳುತ್ತಿದ್ದಳು. ಕೋಪವಿರಲಿಲ್ಲ, ದಣಿವಿತ್ತು, ಅತ್ತು ಮುಗಿಸಿದವರ ದನಿ. "ಬ್ಲೀಚಿಗೆ ಬೈಕೊಂಡು ಕಳಿಸ್ತಿದ್ದೆ. ನಿನ್ನ ಶನಿವಾರ ನನಗೇನು ಹೊಸದಾ? ಆದ್ರೆ ನಾಳೆ ನಿನ್ನ ಮನೇಲಿ ಇವಳು ಏನಾದ್ರೂ ಕುಡಿದುಬಿಟ್ರೆ, ಡಾಕ್ಟ್ರು ಏನು ಕುಡೀತು ಅಂತ ಕೇಳಿದ್ರೆ, ನೀನು ಬಾಯಿ ಬಿಡ್ತೀಯಾ ಅಂತ ನನಗೀಗ ಗೊತ್ತಿಲ್ಲ. ಅಷ್ಟೇ. ಗೊತ್ತಿಲ್ಲ."

"ಬಿಡ್ತೀನಿ. ಬಿಡ್ತೀನಿ ಕಣೇ, ನಿನ್ನಾಣೆ."

ಲುದಿವೀನ್ ತಲೆಯಾಡಿಸಿದಳು, ಹೌದೆಂದೋ ಅಲ್ಲವೆಂದೋ ತಿಳಿಯುವಂತಿರಲಿಲ್ಲ. "ಆಗಸ್ಟ್ ಬೇಡಮ್ಮ," ಎಂದಳು.

ಎದ್ವೀಜಳ ಕಿವಿಯಲ್ಲಿ ಬರೀ ಎಂಜಿನ್ನಿನ ಸದ್ದು ಉಳಿಯಿತು. ಎಲ್ಲಿತ್ತೋ ಆ ಮಾತು, ಹೊಸಿಲ ಹತ್ತಿರ ಬಾರದ ಮಾತು, ಈಗ ಕರೆಯದೇ ಬಂತು. "ನಾನೇ," ಎಂದಳು ಗಾಜಿಗೆ ಮುಖ ಮಾಡಿ. "ಬಾಟಲಿ ನಂದು. ನಾನೇ ತಂದದ್ದು, ನಾನೇ ಚೆಲ್ಲಿದ್ದು. ಅವಳದೇನೂ ತಪ್ಪಿಲ್ಲ."

ಹಿಂದಿನ ಸೀಟಿನಿಂದ ಝೇಲಿ ಮುಂದಕ್ಕೆ ಬಗ್ಗಿದಳು. "ಆ ತಾತಂಗೆ ಹೇಳ್ತಿದೀಯಾ ಅಜ್ಜಿ? ಇನ್ನೂ ಜೋರಾಗಿ ಹೇಳು. ಇಷ್ಟು ದೂರ ಕೇಳ್ಸಲ್ಲ."

ಎದ್ವೀಜ್ ಜೋರಾಗಿ ಹೇಳಿದಳು. ಮತ್ತೂ ಜೋರಾಗಿ ಹೇಳಿದಳು. ಕಾರು ತಿರುಗಲಿಲ್ಲ, ಲಾಂಸ್ ಊರಿನ ದಾರಿಯಲ್ಲೇ ಹೋಗುತ್ತಿತ್ತು.